ನಿಗೂಢ ಬೆಳಕು ಅಂತ ಬರೆಯುವ ಮೊದಲು ಗಂಟೆ ಎಷ್ಟು ಅಂತ ಕೇಳಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಪಾಂಡವಪುರ ಕಡೆಯ ಒಂದು ಹಳ್ಳಿಯ ಸುದ್ದಿ ಬಂದಿತ್ತು. 'ಆಗಸದಲ್ಲಿ ನಿಗೂಢ ಬೆಳಕಿನ ಸಾಲು, ಗ್ರಾಮಸ್ಥರಲ್ಲಿ ಆತಂಕ' ಅಂತ ಮೂರು ಕಾಲಂ ತಲೆಬರಹ. ಊರಿನ ಹೆಸರಿತ್ತು, ಗಾಬರಿಯಾದವರ ಮಾತಿತ್ತು, ಮೊಬೈಲಲ್ಲಿ ತೆಗೆದ ಮಸುಕು ಫೋಟೊ ಇತ್ತು, 'ಹಾರುವ ತಟ್ಟೆಯೇ? ಶತ್ರು ದೇಶದ ಡ್ರೋನೇ?' ಅನ್ನೋ ಪ್ರಶ್ನೆಗಳೂ ಇದ್ದವು. ಇಲ್ಲದೇ ಇದ್ದದ್ದು ಎರಡೇ ಸಂಗತಿ. ಎಷ್ಟು ಗಂಟೆಗೆ ಕಾಣಿಸಿತು, ಯಾವ ದಿಕ್ಕಿನಲ್ಲಿ ಕಾಣಿಸಿತು. ಕಳ್ಳತನದ ಸುದ್ದಿ ಬರೆದು ಯಾವ ಮನೆಯಲ್ಲಿ ಅಂತ ಹೇಳದೇ ಬಿಟ್ಟರೆ ಹೇಗೋ ಹಾಗೆ.

ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಆಕಾಶ ನೋಡುವ ಹುಚ್ಚು ಮೊದಲಿಂದಲೂ ಇದೆ. ಅದು ಸುತ್ತಮುತ್ತಲ ಊರಿಗೆಲ್ಲ ಗೊತ್ತಿರೋದರಿಂದ ಎಲ್ಲಿ ಏನು ಮಿನುಗಿದರೂ ಅದರ ವಿಡಿಯೊ ನನ್ನ ವಾಟ್ಸಾಪಿಗೆ ಬಂದು ಬೀಳುತ್ತದೆ. ಜೊತೆಗೆ ಒಂದೇ ಸಾಲು, 'ಸಾರ್, ಇದೇನ್ ಸಾರ್?' ಹೀಗೆ ಬಂದವನ್ನೆಲ್ಲ ಬಿಡುವಿದ್ದಾಗ ಕೂತು ಬಿಡಿಸುತ್ತಾ ಹೋದರೆ ಬಹುತೇಕ ಎಲ್ಲಕ್ಕೂ ಉತ್ತರ ಸಿಗುತ್ತದೆ. ಅದೇನು ದೊಡ್ಡ ವಿದ್ಯೆ ಅಲ್ಲ, ನಿಮ್ಮ ವರದಿಗಾರರೂ ಮಾಡಬಹುದು. ಹೇಗೆ ಅಂತ ಹೇಳೋಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಆ ಪಾಂಡವಪುರದ ಬೆಳಕನ್ನೇ ತೆಗೆದುಕೊಳ್ಳಿ. ಆ ಊರಲ್ಲಿ ನನ್ನ ಚಿಕ್ಕಪ್ಪನ ಮಗ ಇದ್ದಾನೆ. ಸುದ್ದಿ ಓದಿದ ತಕ್ಷಣ ಫೋನ್ ಮಾಡಿದೆ. "ನೀನೂ ನೋಡಿದ್ಯೇನೋ?" ಅಂದೆ. "ನೋಡ್ದೆ ಕಣಣ್ಣ, ಸಾಲಾಗಿ ಹೊಯ್ತಿದ್ದೋ, ಒಂದರ ಹಿಂದೆ ಒಂದು, ಸದ್ದೇ ಇಲ್ಲ" ಅಂದ. "ಗಂಟೆ ಎಷ್ಟಿತ್ತು?" "ಯಾರಣ್ಣ ಗಡಿಯಾರ ನೋಡ್ತರೆ, ಕತ್ಲಾಗಿತ್ತು." ಇಲ್ಲಿಗೆ ನಮ್ಮ ಪತ್ರಿಕೆಗಳ ವಿಚಾರಣೆ ಮುಗಿದುಬಿಡುತ್ತದೆ. ಆದರೆ ಹಳ್ಳಿಯಲ್ಲಿ ಗಡಿಯಾರ ನೋಡದವರಿಗೂ ಸಂಜೆಗೆ ಒಂದು ಲೆಕ್ಕ ಇದ್ದೇ ಇರುತ್ತದೆ, ಅದನ್ನು ಹಿಡಿದು ಕೇಳಬೇಕು. ಏನು ಮಾಡ್ತಿದ್ದೆ ಆಗ ಅಂತ ಕೇಳಿದೆ. ಡೈರಿಗೆ ಹಾಲು ಹಾಕಿ ವಾಪಸ್ ಬರ್ತಿದ್ದನಂತೆ. ಅವರ ಡೈರಿಯಲ್ಲಿ ಹಾಲು ಅಳೆದ ಕೂಡಲೇ ಎಷ್ಟು ಲೀಟರು, ಎಷ್ಟು ಫ್ಯಾಟು ಅಂತ ಮೊಬೈಲಿಗೆ ಮೆಸೇಜು ಬರುತ್ತದೆ. ಆ ದಿನದ ಮೆಸೇಜು ತೆಗೆದು ನೋಡು ಅಂದೆ. 6.52. ಡೈರಿಯಿಂದ ಮನೆ ಹತ್ತು ಹನ್ನೆರಡು ನಿಮಿಷದ ದಾರಿ, ಬೆಳಕು ಕಂಡಿದ್ದು ಮನೆ ಹತ್ತಿರ ಬಂದಮೇಲೆ. ಅಲ್ಲಿಗೆ ಏಳು ಗಂಟೆ ಸುಮಾರು ಅಂತ ಆಯಿತು.

ಇನ್ನು ದಿಕ್ಕು. ಅವರ ಊರಿಂದ ಕುಂತಿಬೆಟ್ಟ ಕಾಣುತ್ತದೆ. ನನಗೆ ಮೊದಲು ಅನುಮಾನ ಬಂದದ್ದೇ ಆ ಬೆಟ್ಟದ ಮೇಲೆ. ಬೆಂಗಳೂರಿನ ಹುಡುಗರು ಅಲ್ಲಿಗೆ ರಾತ್ರಿ ಚಾರಣಕ್ಕೆ ಬರುತ್ತಾರೆ, ತಲೆಗೆ ಟಾರ್ಚು ಕಟ್ಟಿಕೊಂಡು ಸಾಲಾಗಿ ಹತ್ತುತ್ತಾರೆ. ಕತ್ತಲಲ್ಲಿ ಬೆಟ್ಟದ ಅಂಚು ಕಾಣೋದಿಲ್ಲ, ದೂರದಿಂದ ನೋಡಿದವರಿಗೆ ದೀಪಗಳು ಆಕಾಶದಲ್ಲೇ ತೇಲಿದ ಹಾಗೆ ಕಾಣುತ್ತವೆ. ಹಾಗಾಗಿ ಬೆಟ್ಟದ ಕಡೆಗಾ ಅಂತ ಕೇಳಿದೆ. "ಇಲ್ಲಣ್ಣ, ಹೊತ್ತು ಮುಳುಗೋ ಕಡೆಯಿಂದ ಎದ್ದು ನೆತ್ತಿ ಮೇಲೆ ಬಂದೋ" ಅಂದ. ನೆತ್ತಿ ಮೇಲೆ ಬಂತು ಅಂದಮೇಲೆ ಟಾರ್ಚಿನ ಮಾತು ಬಿಟ್ಟೆ. ಆಮೇಲೆ ಅವನು ತಾನಾಗೇ ಒಂದು ಮಾತು ಹೇಳಿದ ನೋಡಿ, ಅದರಿಂದ ಎಲ್ಲ ಬಗೆಹರಿಯಿತು. "ಮೂಡಲ ಕಡೆ ಇಳಿಯೋಕ್ ಮುಂಚೆನೇ ಆರಿ ಹೋದೋ ಕಣಣ್ಣ, ಎಲ್ಲವೂ ಒಂದೇ ಜಾಗ್ದಲ್ಲಿ, ಒಂದಾದ್ಮೇಲೆ ಒಂದು, ಯಾರೋ ಸ್ವಿಚ್ ಒತ್ತುದಂಗೆ."

ಒಂದೇ ಜಾಗದಲ್ಲಿ ಆರಿಹೋಗುತ್ತವೆ ಅಂದರೆ ಅಲ್ಲಿ ಭೂಮಿಯ ನೆರಳು ಶುರುವಾಗುತ್ತದೆ ಅಂತ ಅರ್ಥ. ನಮಗೆ ಹೊತ್ತು ಮುಳುಗಿ ಒಂದು ಗಂಟೆ ಕಳೆದಿದ್ದರೂ ಮುನ್ನೂರು ಕಿಲೋಮೀಟರ್ ಮೇಲೆ ಇನ್ನೂ ಬಿಸಿಲು ಇರುತ್ತದೆ. ಅಲ್ಲಿ ಹೋಗುವ ಉಪಗ್ರಹ ಆ ಬಿಸಿಲಿಗೆ ಹೊಳೆಯುತ್ತದೆ, ಪೂರ್ವಕ್ಕೆ ಸಾಗಿ ನೆರಳಿಗೆ ಹೊಕ್ಕ ಕೂಡಲೇ ಕಾಣದಾಗುತ್ತದೆ. ಅದರ ಹಿಂದಿನದು ಅಲ್ಲೇ ಬಂದು ಅಲ್ಲೇ ಮಾಯ. ಸಾಲಾಗಿ, ಒಂದೇ ಅಂತರದಲ್ಲಿ, ಸದ್ದಿಲ್ಲದೆ ಹೋಗುವಂಥವು ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿ ಇಂಟರ್ನೆಟ್ ಕೊಡೋಕೆ ಬಿಟ್ಟಿರುವ ಸ್ಟಾರ್‌ಲಿಂಕ್ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಮೊದಲ ಸಲ ಒಂದೇ ರಾಕೆಟ್ಟಿನಲ್ಲಿ 60 ಉಪಗ್ರಹ ಬಿಟ್ಟರು. ಆಮೇಲೆ ಬಿಡುತ್ತಲೇ ಇದ್ದಾರೆ. ಬಿಟ್ಟ ಹೊಸದರಲ್ಲಿ ಕೆಳಗೆ ಒತ್ತೊತ್ತಾಗಿ ಇರುತ್ತವೆ, ಆಗ ರೈಲಿನ ಹಾಗೆ ಕಾಣುತ್ತವೆ. ದಿನ ಕಳೆದಂತೆ ಇನ್ನೂ ಎತ್ತರಕ್ಕೆ ಏರಿ, ಚದುರಿ, ಮಂಕಾಗುತ್ತವೆ. ಹೆವೆನ್ಸ್ ಅಬವ್ ಅನ್ನೋ ವೆಬ್‌ಸೈಟಿನಲ್ಲಿ ಊರು ಮತ್ತು ದಿನಾಂಕ ಹಾಕಿದರೆ ಯಾವ ಉಪಗ್ರಹ ಎಷ್ಟು ಗಂಟೆಗೆ ಎಲ್ಲಿಂದ ಎಲ್ಲಿಗೆ ಅಂತ ಪಟ್ಟಿಯೇ ಬರುತ್ತದೆ. ಆ ಸಂಜೆಯ ಪಟ್ಟಿಯಲ್ಲಿ ಸ್ಟಾರ್‌ಲಿಂಕಿನ ಸಾಲು ಏಳು ಗಂಟೆಗೇ ಇತ್ತು, ಪಶ್ಚಿಮದಿಂದ ಏರಿ ನೆತ್ತಿ ದಾಟುವುದಾಗಿಯೂ ಇತ್ತು. ಕಾಸು ಖರ್ಚಿಲ್ಲ. ಒಂದು ಫೋನು, ಒಂದು ಹಾಲಿನ ಮೆಸೇಜು ಸಾಕಾಯಿತು.

ಚಿಕ್ಕಪ್ಪನ ಮಗನಿಗೆ ಇದನ್ನೆಲ್ಲ ಹೇಳಿದಾಗ ಅವನಿಗೇನೂ ನಿರಾಸೆ ಆಗಲಿಲ್ಲ. "ಹಂಗಾರೆ ಇನ್ಯಾವಾಗ್ ಬತ್ತವೆ ಹೇಳಣ್ಣ, ಹುಡುಗ್ರಿಗೆ ತೋರ್ಸನ" ಅಂದ. ನಿಗೂಢ ಅನ್ನೋದನ್ನು ಕಿತ್ತುಕೊಂಡರೆ ಜನಕ್ಕೆ ಆಸಕ್ತಿ ಹೋಗುತ್ತೆ ಅಂತ ಮಾಧ್ಯಮದವರಿಗೆ ಯಾಕೆ ಅನಿಸುತ್ತೋ ಗೊತ್ತಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ವಿಚಾರವಾದಿಗಳು ಅಂತ ಹೇಳಿಕೊಳ್ಳುವ ಕೆಲವರಿಗೂ ಇದು ಅನ್ವಯಿಸುತ್ತದೆ. ಬೆಳಕು ನೋಡಿದೆ ಅಂದವರನ್ನು 'ಕುಡಿದಿದ್ಯಾ, ಮೂಢನಂಬಿಕೆನಾ' ಅಂತ ಗೇಲಿ ಮಾಡಬಾರದು. ಅವರು ನೋಡಿರುತ್ತಾರೆ. ಕಣ್ಣಿಗೆ ಕಂಡದ್ದು ನಿಜ, ಅದು ಏನು ಅನ್ನೋ ಊಹೆ ಮಾತ್ರ ತಪ್ಪಿರುತ್ತದೆ. ಗೇಲಿ ಮಾಡಿದರೆ ಮುಂದಿನ ಸಲ ಬಾಯೇ ಬಿಡಲ್ಲ, ಬಿಟ್ಟರೂ ಮಸಾಲೆ ಹಾಕಿ ಹೇಳುತ್ತಾರೆ. ಪವಾಡಗಳನ್ನು ಪರೀಕ್ಷೆ ಮಾಡೋಕೆ ಅಂತ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಒಂದು ಸಮಿತಿಯನ್ನೇ ಮಾಡಿದ್ದರು. ಪ್ರಶ್ನೆ ಕೇಳೋ ಅಭ್ಯಾಸ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕೇಳೋ ರೀತಿ ಸ್ವಲ್ಪ ಮೆತ್ತಗಿರಲಿ ಅಷ್ಟೇ.

ತಿಳಿದವರೂ ಎಡವುತ್ತಾರೆ ಅನ್ನೋದಕ್ಕೆ ಲಡಾಖಿನ ಪ್ರಸಂಗ ನೋಡಿ. 2012ರ ಆಗಸ್ಟಿನಿಂದ 2013ರ ಫೆಬ್ರವರಿವರೆಗೆ ಪ್ಯಾಂಗಾಂಗ್ ಸರೋವರದ ಹತ್ತಿರ ಕಾವಲಿದ್ದ ನಮ್ಮ ಸೈನಿಕರು ಗಡಿಯಾಚೆಯಿಂದ ಬೆಳಕಿನ ವಸ್ತುಗಳು ಬರುತ್ತಿವೆ ಅಂತ 329 ಸಲ ದಾಖಲೆ ಮಾಡಿದರು. ಚೀನಾದ ಡ್ರೋನ್ ಅನ್ನೋ ಅನುಮಾನ. ಕೊನೆಗೆ ಸೇನೆಯವರು ಕೇಳಿದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರನ್ನು, ಅಂದರೆ ಗ್ರಹ ನಕ್ಷತ್ರಗಳ ಅಧ್ಯಯನ ಮಾಡುವ ವಿಜ್ಞಾನಿಗಳನ್ನು. ಕಂಡ ಸಮಯ, ದಿಕ್ಕು, ಎತ್ತರ ಎಲ್ಲ ತಾಳೆ ಹಾಕಿ ನೋಡಿದರೆ ಒಂದು ಗುರು ಗ್ರಹ, ಇನ್ನೊಂದು ಶುಕ್ರ. ಲಡಾಖಿನ ಎತ್ತರದಲ್ಲಿ ಗಾಳಿ ತೆಳು, ಧೂಳಿಲ್ಲ, ಗ್ರಹಗಳು ನಾವು ಇಲ್ಲಿ ನೋಡೋದಕ್ಕಿಂತ ಜಾಸ್ತಿ ಹೊಳೆಯುತ್ತವೆ. ಹಗಲೂ ರಾತ್ರಿ ಶತ್ರು ಬರಬಹುದು ಅಂತಲೇ ಕಾಯುತ್ತಿರುವವರಿಗೆ ಹಾಗೆ ಕಂಡರೆ ಆಶ್ಚರ್ಯ ಇಲ್ಲ. ಆದರೆ ಅವರು ಪ್ರತಿ ಸಲ ಗಂಟೆ, ದಿಕ್ಕು ಬರೆದಿಟ್ಟಿದ್ದರು ನೋಡಿ. ಅದಕ್ಕೇ ಉತ್ತರ ಸಿಕ್ಕಿತು.

ಶುಕ್ರನ ಕಾಟ ನಮ್ಮಲ್ಲೂ ಕಡಿಮೆಯೇನಿಲ್ಲ. ಸೂರ್ಯ ಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಜಾಸ್ತಿ ಹೊಳೆಯೋದು ಅದೇ. ಬೆಳ್ಳಿ ಮೂಡೋ ಹೊತ್ತಿಗೆ ಎದ್ದು ಗದ್ದೆಗೆ ನೀರು ಕಟ್ಟುತ್ತಿದ್ದ ನಮ್ಮ ತಾತನ ಕಾಲದವರು ಅದನ್ನು ಕಂಡು ಯಾವತ್ತೂ ಪೊಲೀಸರಿಗೆ ಹೇಳಲಿಲ್ಲ. ಈಗ ಅದೇ ಬೆಳ್ಳಿಯನ್ನು ಮೊಬೈಲಲ್ಲಿ ಜೂಮ್ ಮಾಡಿ, ಫೋಕಸ್ ಸಿಗದೆ ಅದು ಬಿಳಿ ಬಿಲ್ಲೆಯಾಗಿ ಅಲ್ಲಾಡುವುದನ್ನು ತೆಗೆದು 'ಗೋಲಾಕಾರದ ವಸ್ತು' ಅಂತ ಸ್ಟೇಟಸ್ ಹಾಕುತ್ತಾರೆ. ಶುಕ್ರ ಸೂರ್ಯನಿಂದ ತುಂಬ ದೂರ ಹೋಗೋದಿಲ್ಲ. ಹಾಗಾಗಿ ಸಂಜೆ ಆದರೆ ಪಶ್ಚಿಮ, ಮುಂಜಾನೆ ಆದರೆ ಪೂರ್ವ. ನಡುರಾತ್ರಿ ನೆತ್ತಿಯ ಮೇಲೆ ಕಂಡಿತು ಅಂದರೆ ಅದು ಶುಕ್ರ ಅಲ್ಲ, ಬೇರೆ ಹುಡುಕಬೇಕು. ಚಳಿಗಾಲದ ರಾತ್ರಿ ಆಗ್ನೇಯದಲ್ಲಿ ಕೆಂಪು, ಹಸಿರು, ನೀಲಿ ಬಣ್ಣ ಬದಲಿಸುತ್ತಾ ಮಿಣುಕುವುದು ಕಂಡರೆ ಅದು ಲುಬ್ಧಕ ನಕ್ಷತ್ರ. ಕೆಳಗೆ ಇರುವಾಗ ದಪ್ಪ ಗಾಳಿಯ ಪದರ ದಾಟಿ ಬೆಳಕು ಬರಬೇಕು, ಅದಕ್ಕೇ ಆ ಬಣ್ಣದಾಟ. ಸುಮ್ನೆ ಕತ್ತಲಲ್ಲಿ ಒಂದೇ ಚುಕ್ಕಿಯನ್ನು ದಿಟ್ಟಿಸಿ ನೋಡುತ್ತಿದ್ದರೆ ಅದು ಆಚೀಚೆ ಜರುಗಿದ ಹಾಗೂ ಕಾಣುತ್ತದೆ, ಕಣ್ಣಿನ ಗುಣವೇ ಅದು. ನಿಜವಾಗಿ ಜರುಗುತ್ತಿದೆಯಾ ನೋಡಬೇಕಾದರೆ ಕರೆಂಟ್ ಕಂಬದ ಅಂಚಿಗೋ ಗೋಡೆಯ ಮೂಲೆಗೋ ಅದನ್ನು ತಾಗಿಸಿಕೊಂಡು ಸ್ವಲ್ಪ ಹೊತ್ತು ಅಲ್ಲಾಡದೆ ನಿಲ್ಲಿ.

ಹಗಲಿನ ಒಂದು ಪ್ರಕರಣ ನನಗೆ ತುಂಬ ಇಷ್ಟ. ಮದ್ದೂರು ಕಡೆಯ ವಿದ್ಯಾರ್ಥಿಯ ಅಪ್ಪ ಒಬ್ಬರು ಮಟಮಟ ಮಧ್ಯಾಹ್ನದ ವಿಡಿಯೊ ಕಳಿಸಿದ್ದರು. ನೀಲಿ ಆಕಾಶದಲ್ಲಿ ತುಂಬ ಎತ್ತರಕ್ಕೆ ಬಿಳಿ ಬಿಲ್ಲೆಗಳು ಗುಂಪಾಗಿ ಸುತ್ತುತ್ತಿವೆ. ಒಂದು ಕ್ಷಣ ಫಳಫಳ, ಮರುಕ್ಷಣ ಎಲ್ಲ ಒಟ್ಟಿಗೆ ಮಾಯ, ಮತ್ತೆ ಪ್ರತ್ಯಕ್ಷ. ವಿಮಾನ ಹೀಗೆ ಸುತ್ತಲ್ಲ, ಪಟ ಅಷ್ಟು ಮೇಲೆ ಹೋಗಲ್ಲ. ಎಲ್ಲಿ ತೆಗೆದದ್ದು ಅಂದೆ. ಕೊಕ್ಕರೆಬೆಳ್ಳೂರಿಂದ ಸ್ವಲ್ಪ ದೂರದಲ್ಲಿ ಅಂದರು. ಹಕ್ಕಿಗಳಿಗೇ ಹೆಸರಾದ ಊರು ಅದು. ಆಗಲೇ ನಗು ಬಂತು. ಆದರೂ ಊಹೆ ಮೇಲೆ ಉತ್ತರ ಕೊಡಬಾರದು ಅಂತ ಒಂದು ರಜೆಯ ದಿನ ಬೈನಾಕ್ಯುಲರ್ ಹಿಡಿದು ಅದೇ ಜಾಗಕ್ಕೆ ಹೋಗಿ ಅವರ ಜೊತೆಗೇ ನಿಂತೆ. ಬಿಸಿಲೇರಿ ನೆಲ ಕಾದಮೇಲೆ ಬಿಸಿಗಾಳಿ ಮೇಲೇಳುತ್ತದೆ. ಅದನ್ನು ಹಿಡಿದು ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೆ ಮೇಲೆ ಹೋಗುತ್ತವೆ. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಜಾಸ್ತಿ ಅಗಲದ ಹಕ್ಕಿ. ಓರೆಯಾಗಿ ತಿರುಗಿದಾಗ ಮೈ ಬಿಸಿಲಿಗೆ ಹೊಳೆಯುತ್ತದೆ, ಅಂಚು ನಮ್ಮ ಕಡೆ ಆದಾಗ ಬರಿಗಣ್ಣಿಗೆ ಏನೂ ಇಲ್ಲ. ಗುಂಪೆಲ್ಲ ಒಟ್ಟಿಗೆ ತಿರುಗೋದರಿಂದ ಒಟ್ಟಿಗೆ ಮಾಯ. ಬೈನಾಕ್ಯುಲರ್ ಅವರ ಕೈಗೆ ಕೊಟ್ಟೆ. "ಅಯ್ಯೋ, ಕೊಕ್ಕು ಕಾಣ್ತದೆ ಸಾರ್!" ಅಂದರು. ಇಡೀ ಜನ್ಮ ಹೆಜ್ಜಾರ್ಲೆಗಳನ್ನು ಮರದ ಮೇಲೆ, ಶಿಂಷಾ ನದಿಯ ನೀರಲ್ಲಿ ನೋಡಿದವರು ಅವರು, ಅಷ್ಟು ಮೇಲೆ ಹೋಗಿ ಹೀಗೆ ಆಡುತ್ತವೆ ಅಂತ ಆವತ್ತೇ ಗೊತ್ತಾದದ್ದು.

ಮೈಸೂರಿನವರ ವಿಡಿಯೊಗಳು ಬೇರೆ ಜಾತಿ. ಅಲ್ಲಿ ಆಕಾಶಕ್ಕಿಂತ ಮೊಬೈಲಿನದೇ ಕಿತಾಪತಿ ಜಾಸ್ತಿ. ಚಾಮುಂಡಿ ಬೆಟ್ಟದ ದಾರಿಯಲ್ಲಿ ನಿಂತು ಊರಿನ ದೀಪ ತೆಗೆಯುತ್ತಾರೆ, ದಸರಾದಲ್ಲಿ ದೀಪಾಲಂಕಾರ ತೆಗೆಯುತ್ತಾರೆ, ಮನೆಗೆ ಬಂದು ನೋಡಿದರೆ ಆಕಾಶದಲ್ಲಿ ಹಸಿರು ಬಣ್ಣದ ಚುಕ್ಕಿಗಳ ಗುಂಪು. ತೆಗೆಯುವಾಗ ಯಾರ ಕಣ್ಣಿಗೂ ಕಂಡಿರಲ್ಲ. ಇದರ ಪರೀಕ್ಷೆ ಮಕ್ಕಳಿಗೂ ಬರುತ್ತದೆ, ನಮ್ಮ ಎಂಟನೇ ತರಗತಿಯವರು ಮಾಡಿದ್ದಾರೆ. ಫೋಟೊವನ್ನು ಕಾಗದದಲ್ಲಿ ಪ್ರಿಂಟ್ ತೆಗೆಯಿರಿ. ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ನಟ್ಟನಡು ಸಿಗುತ್ತದೆ. ಈಗ ಪ್ರಖರವಾದ ಒಂದು ಬೀದಿದೀಪದಿಂದ ಆ ನಡುವಿನ ಮೂಲಕ ಸ್ಕೇಲಿಟ್ಟು ಗೆರೆ ಎಳೆದು ಅಷ್ಟೇ ದೂರ ಆಚೆಗೆ ಹೋಗಿ. ಅಲ್ಲಿ ಒಂದು ಹಸಿರು ಚುಕ್ಕಿ ಕೂತಿರುತ್ತದೆ. ಪಕ್ಕದ ದೀಪಕ್ಕೆ ಪಕ್ಕದ ಚುಕ್ಕಿ. ಕೆಳಗಿನ ಬೀದಿದೀಪಗಳ ಸಾಲೇ ತಲೆಕೆಳಗಾಗಿ ಆಕಾಶದಲ್ಲಿ ಬಿದ್ದಿರುತ್ತದೆ. ಲೆನ್ಸಿನ ಒಳಗೆ ಬೆಳಕು ಅಲ್ಲಿ ಇಲ್ಲಿ ತಾಗಿ ವಾಪಸ್ ಬಂದು ಹೀಗಾಗುತ್ತದೆ. ಪ್ರಿಂಟ್ ಇಲ್ಲದಿದ್ದರೆ ಇನ್ನೂ ಸುಲಭ. ಫೋನನ್ನು ನಿಧಾನಕ್ಕೆ ಎಡಕ್ಕೆ ಬಲಕ್ಕೆ ಆಡಿಸಿ, ಪರದೆಯಲ್ಲಿ ದೀಪ ಒಂದು ಕಡೆ ಹೋದರೆ ಚುಕ್ಕಿ ಅದರ ಎದುರು ಕಡೆ ಓಡುತ್ತದೆ. ಒಂದು ಚಾನೆಲ್ಲಿನಲ್ಲಿ ಇಂಥದ್ದೇ ಚುಕ್ಕಿಗೆ ಕೆಂಪು ವೃತ್ತ ಹಾಕಿ ಅರ್ಧ ಗಂಟೆ ಚರ್ಚೆ ಮಾಡಿದ್ದು ನೋಡಿದ್ದೇನೆ. ಸ್ಕೇಲಿಗೆ ಹತ್ತು ರೂಪಾಯಿ.

ಇನ್ನು ಆಕಾಶದಲ್ಲಿ ಮನುಷ್ಯರದೇ ಆಟ ಎಷ್ಟಿಲ್ಲ ಹೇಳಿ. 2024ರ ದಸರಾಕ್ಕೆ ಬನ್ನಿಮಂಟಪದ ಪಂಜಿನ ಕವಾಯತು ಮೈದಾನದಲ್ಲಿ ಡ್ರೋನ್ ಶೋ ಮಾಡಿದರು. ಒಳಗೆ ಕೂತವರಿಗೆ ಅದು ಶೋ, ಆ ವಿಷಯ ಗೊತ್ತಿಲ್ಲದೆ ದೂರದಿಂದ ನೋಡಿದವರಿಗೆ ಏನು ಬೇಕಾದರೂ ಆಗಬಹುದು. ಯಾವುದೋ ಮೇಳದಲ್ಲಿ ಜನ ಸೆಳೆಯೋಕೆ ಹಾಕುವ ದೊಡ್ಡ ಲೈಟಿನ ಕೋಲು ಮೋಡಕ್ಕೆ ತಾಗಿದರೆ ಮೋಡದ ಮೇಲೆ ಬೆಳಕಿನ ಬಿಲ್ಲೆ ಸುತ್ತುತ್ತದೆ, ಲೈಟು ಕಾಣದ ಊರಿನವರಿಗೆ ಬಿಲ್ಲೆ ಮಾತ್ರ ಕಾಣುತ್ತದೆ. ಹೊತ್ತು ಮುಳುಗುವಾಗ ಎತ್ತರದಲ್ಲಿ ಹೋಗುವ ಜೆಟ್ ವಿಮಾನದ ಹಿಂದಿನ ಗೆರೆಗೆ ಕೆಂಪು ಬಿಸಿಲು ತಾಗಿದರೆ ಬೆಂಕಿ ಉಂಡೆ ಬೀಳ್ತಿದೆ ಅಂತಲೇ ಅನಿಸುತ್ತದೆ. ವಿಮಾನದ ಅನುಮಾನ ಬಂದರೆ, ಹಾರುತ್ತಿರುವ ವಿಮಾನಗಳನ್ನು ನಕ್ಷೆಯಲ್ಲಿ ತೋರಿಸುವ ಫ್ಲೈಟ್‌ರೇಡಾರ್24 ಆ್ಯಪ್ ತೆಗೆದು ನೋಡಿ.

ಶಬ್ದದ ಕತೆಯೂ ಇದೇ. 2020ರ ಮೇ 20ರಂದು ಬೆಂಗಳೂರಿಗೆ ಬೆಂಗಳೂರೇ ಬೆಚ್ಚಿಬಿದ್ದ ಆ ಸದ್ದು ನೆನಪಿರಬೇಕಲ್ಲ. ಲಾಕ್‌ಡೌನ್ ಬೇರೆ. ಭೂಕಂಪ ಅಂದರು, ಉಲ್ಕೆ ಅಂದರು, ಇನ್ನೇನೇನೋ ಅಂದರು. ಭೂಕಂಪನ ಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ. ಸಂಜೆ ಹೊತ್ತಿಗೆ ರಕ್ಷಣಾ ಇಲಾಖೆಯವರೇ ಹೇಳಿದರು. ವಾಯುಪಡೆಯ ವಿಮಾನ ಶಬ್ದಕ್ಕಿಂತ ವೇಗವಾಗಿ ಪರೀಕ್ಷಾ ಹಾರಾಟ ಮಾಡಿತ್ತು, 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಬಂದ ಸದ್ದು ಅದು. ವಿಮಾನ 65–80 ಕಿಲೋಮೀಟರ್ ದೂರದಲ್ಲಿದ್ದರೂ ಆ ಸದ್ದು ಕೇಳಿಸಬಹುದು. ಮಂಡ್ಯದವರಿಗೆ ಕಲ್ಲುಕ್ವಾರಿ ಸಿಡಿತದ ಸದ್ದು ಅಭ್ಯಾಸ, ನಮಗೆ ಯಾವ ಸದ್ದಾದರೂ ಮೊದಲು ಕ್ವಾರಿ ಮೇಲೇ ಹೋಗುತ್ತದೆ. ಅದೂ ಪ್ರತಿ ಸಲ ಸರಿ ಇರಬೇಕು ಅಂತೇನಿಲ್ಲ, ಅಲ್ವಾ.

ಮೇಲಿಂದ ನಿಜವಾಗಿಯೂ ಏನಾದರೂ ಬಿದ್ದರೆ? ಬೀಳುತ್ತದೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಯಂತ್ರ ಕಟ್ಟಿದ್ದ ದೊಡ್ಡ ಬಲೂನು ಬಂದು ಇಳಿಯಿತು. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ಸಂಶೋಧನೆಗೆ ಬಿಟ್ಟದ್ದು. 2022ರ ಏಪ್ರಿಲ್ 2ರ ರಾತ್ರಿ, ಆವತ್ತು ಯುಗಾದಿ, ಮಹಾರಾಷ್ಟ್ರ ಮಧ್ಯಪ್ರದೇಶದ ಆಕಾಶದಲ್ಲಿ ಉರಿಯುವ ತುಂಡುಗಳು ಸಾಲಾಗಿ ಹೋದವು. ಚಂದ್ರಾಪುರ ಜಿಲ್ಲೆಯಲ್ಲಿ ಸುಮಾರು 3 ಮೀಟರ್ ಅಗಲದ ಲೋಹದ ಬಳೆ ಬಿತ್ತು, ಲೋಹದ ಗುಂಡುಗಳೂ ಸಿಕ್ಕವು. 2021ರಲ್ಲಿ ಹಾರಿಸಿದ್ದ ಚೀನಾದ ರಾಕೆಟ್ಟಿನ ಅವಶೇಷ. ಉಲ್ಕೆಗೂ ಇದಕ್ಕೂ ವ್ಯತ್ಯಾಸ ತಿಳಿಯೋದು ಕಷ್ಟ ಇಲ್ಲ. ಉಲ್ಕೆ ಬಂದ ವೇಗಕ್ಕೆ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ, 'ಅಕೋ ನೋಡು' ಅನ್ನೋಕೆ ಪುರುಸೊತ್ತು ಕೊಡೋದಿಲ್ಲ. ರಾಕೆಟ್ಟಿನ ಚೂರು ನಿಧಾನಕ್ಕೆ, ಮುರಿಯುತ್ತಾ, ಪಕ್ಕದ ಮನೆಯವರನ್ನು ಕೂಗಿ ಕರೆದು ತೋರಿಸುವಷ್ಟು ಹೊತ್ತು ಹೋಗುತ್ತದೆ. ಅದಕ್ಕೇ ಎಷ್ಟು ಹೊತ್ತು ಕಂಡಿತು ಅಂತ ಕೇಳಲೇಬೇಕು. ಏನಾದರೂ ಬಿದ್ದಿದ್ದು ಸಿಕ್ಕರೆ ಮುಟ್ಟದೆ, ಬಿಚ್ಚದೆ ಪೊಲೀಸರಿಗೆ ಹೇಳಿ. ಗುಜರಿಗೆ ಹಾಕೋ ಆಸೆ ಬೇಡ. ನಮ್ಮ ಜಿಲ್ಲೆಗೂ ಆಕಾಶದಿಂದ ಅತಿಥಿ ಬಂದಿದೆ ಸ್ವಾಮಿ. 1865ರಲ್ಲಿ ಮದ್ದೂರಿನ ಬಳಿ ಬಿದ್ದ ಉಲ್ಕಾಶಿಲೆ 'ಮುದ್ದೂರ್' ಅನ್ನೋ ಹೆಸರಿನಲ್ಲಿ ಪ್ರಪಂಚದ ಉಲ್ಕಾಶಿಲೆಗಳ ಪಟ್ಟಿಯಲ್ಲಿದೆ. ಮದ್ದೂರು ಅಂದರೆ ಬರೀ ವಡೆ ಅಂದುಕೊಂಡಿರುವ ನಮ್ಮ ಮಕ್ಕಳಿಗೆ ಇದು ಗೊತ್ತೇ ಇಲ್ಲ.

ಸೂರ್ಯನ ಸುತ್ತ ಬಳೆ ಬಂದರಂತೂ ಟೀವಿಯಲ್ಲಿ ಜ್ಯೋತಿಷಿಗಳಿಗೆ ಹಬ್ಬ. 2021ರ ಮೇ 24ರಂದು ಬೆಂಗಳೂರಿನಲ್ಲಿ ಬಂದಾಗಲೂ ಹಾಗೇ ಆಯಿತು. ಕೋವಿಡ್ ಕಾಲ, ಹೆದರಿದ್ದ ಜನರನ್ನು ಇನ್ನಷ್ಟು ಹೆದರಿಸಿದರು. ಆರು ಕಿಲೋಮೀಟರಿಗಿಂತ ಮೇಲೆ ಪರದೆಯಂಥ ತೆಳು ಮೋಡ ಇರುತ್ತದೆ, ಮೇ ತಿಂಗಳ ಬಿಸಿಲಲ್ಲೂ ಅಲ್ಲಿ ನೀರೆಲ್ಲ ಮಂಜುಗಡ್ಡೆಯ ಹರಳು. ಆರು ಮುಖದ ಆ ಹರಳುಗಳಲ್ಲಿ ಬೆಳಕು ಬಾಗಿ 22 ಡಿಗ್ರಿ ದೂರಕ್ಕೆ ಬಳೆ ಕಟ್ಟುತ್ತದೆ. ಕೈ ನೀಡಿ ಬೆರಳೆಲ್ಲ ಅಗಲಿಸಿ ಹೆಬ್ಬೆರಳಿಂದ ಸೂರ್ಯನನ್ನು ಮುಚ್ಚಿ, ಕಿರುಬೆರಳ ತುದಿ ಬಳೆಗೆ ತಾಗುತ್ತದೆ. ಸೂರ್ಯನನ್ನು ನೇರ ನೋಡಬೇಡಿ ಅಷ್ಟೇ. ಚಂದ್ರನಿಗೆ ಇದೇ ಬಳೆ ಬಂದಾಗ ಹಳ್ಳಿಯಲ್ಲಿ 'ಗುಡಿ ಕಟ್ಟಿದೆ, ಮಳೆ ಬರಬಹುದು' ಅಂತ ಹೇಳಿ ಸುಮ್ಮನಾಗುತ್ತಾರೆ. ಟೀವಿಯವರ ವಿವರಣೆಗಿಂತ ಅದು ಎಷ್ಟೋ ವಾಸಿ. ಎತ್ತರದ ಮೋಡವೇ ಅದಕ್ಕೆ ಕಾರಣ ಅನ್ನೋ ಮಟ್ಟಿಗಾದರೂ ಅದರಲ್ಲಿ ನಿಜ ಇದೆ.

ಹಾಗಾದರೆ ಎಲ್ಲದಕ್ಕೂ ಉತ್ತರ ಇದೆಯಾ? ಇಲ್ಲ. ನನ್ನ ಫೋನಿನಲ್ಲೇ ಬಗೆಹರಿಯದ ವಿಡಿಯೊಗಳಿವೆ. ಎಲ್ಲಿ ತೆಗೆದದ್ದು, ಯಾವತ್ತು, ಯಾರು ಅಂತ ಏನೂ ಇಲ್ಲದೆ ಹತ್ತು ಗ್ರೂಪ್ ಸುತ್ತಿ ಬಂದವು. ಅಮೆರಿಕದ ವಾಯುಪಡೆಯವರು 1947ರಿಂದ 1969ರವರೆಗೆ ಇಂಥ 12,618 ವರದಿಗಳನ್ನು ಸೇರಿಸಿದ್ದರು, ಪ್ರಾಜೆಕ್ಟ್ ಬ್ಲೂ ಬುಕ್ ಅಂತ ಅದರ ಹೆಸರು. ಕೊನೆಗೆ ಗುರುತು ಸಿಗದೆ ಉಳಿದದ್ದು 701. ಆ 701 ಎಲ್ಲವೂ ಅನ್ಯಗ್ರಹದ ಗಾಡಿಗಳು ಅಂತ ಹೇಳೋರು ಇವತ್ತಿಗೂ ಇದ್ದಾರೆ. ಉಳಿದ ಹನ್ನೊಂದು ಸಾವಿರಕ್ಕೂ ಹೆಚ್ಚಿನವುಗಳ ಮಾತೇ ಎತ್ತಲ್ಲ. 2022ರಲ್ಲಿ ನಾಸಾ ಕೂಡ ಒಂದು ಸಮಿತಿ ಮಾಡಿತು, 2023ರಲ್ಲಿ ಅದರ ವರದಿ ಬಂತು. ಇವು ಅನ್ಯಗ್ರಹದವು ಅನ್ನೋಕೆ ಆಧಾರ ಸಿಕ್ಕಿಲ್ಲ, ದೊಡ್ಡ ಕೊರತೆ ಇರೋದು ಒಳ್ಳೆಯ ಮಾಹಿತಿಯದು ಅಂತ ಆ ವರದಿಯೂ ಹೇಳಿತು. ಅಂದರೆ ನಾಸಾದವರ ತಾಪತ್ರಯವೂ ನಮ್ಮದೇ.

ಆದ್ದರಿಂದ ಸಂಪಾದಕರೇ, ನಿಮ್ಮ ತಾಲ್ಲೂಕು ವರದಿಗಾರರಿಗೆ ಇಷ್ಟು ಹೇಳಿ. ಮುಂದಿನ ಸಲ ಯಾರಾದರೂ ಬೆಳಕು ಕಂಡೆ ಅಂದರೆ ಆತಂಕ ಆಯ್ತಾ ಅಂತ ಕೇಳೋ ಮೊದಲು ಗಂಟೆ ಕೇಳಲಿ. ನಿಂತಿದ್ದ ಜಾಗಕ್ಕೇ ಕರೆದುಕೊಂಡು ಹೋಗಿ ಕೈ ತೋರಿಸಿ ಅನ್ನಲಿ. ನೆಲದಿಂದ ಎಷ್ಟು ಮೇಲೆ ಅನ್ನೋದಕ್ಕೆ ಕೈ ನೀಡಿ ಮುಷ್ಟಿ ಹಿಡಿದು ಒಂದರ ಮೇಲೊಂದು ಅಳೆಯಲಿ, ಒಂದು ಮುಷ್ಟಿ ಸುಮಾರು 10 ಡಿಗ್ರಿ. ಎಷ್ಟು ಹೊತ್ತು ಇತ್ತು, ಸದ್ದಿತ್ತಾ, ಮಿಣುಕುತ್ತಿತ್ತಾ, ಮೊಬೈಲಿಗೆ ಮಾತ್ರ ಕಂಡಿತಾ ಕಣ್ಣಿಗೂ ಕಂಡಿತಾ. ವಿಡಿಯೊ ಇದ್ದರೆ ಫಾರ್ವರ್ಡ್ ಆದದ್ದು ಬೇಡ, ತೆಗೆದವರ ಫೋನಿನಲ್ಲೇ ನೋಡಲಿ, ಅದರಲ್ಲಿ ಸಮಯ ಇರುತ್ತದೆ. ಆಮೇಲೂ ಗೊತ್ತಾಗದಿದ್ದರೆ ಬೆಂಗಳೂರಿನ ಖಭೌತ ಸಂಸ್ಥೆಯವರಿದ್ದಾರೆ, ನೆಹರೂ ತಾರಾಲಯದವರಿದ್ದಾರೆ, ಹತ್ತಿರದ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರುಗಳಿದ್ದಾರೆ. ಒಂದು ದಿನ ತಡವಾದರೆ ಆಕಾಶವೇನೂ ಬಿದ್ದುಹೋಗಲ್ಲ. ತಡೆಯೋಕಾಗದಿದ್ದರೆ ಸುದ್ದಿ ಹಾಕಿ, ಆದರೆ ಉತ್ತರ ಸಿಕ್ಕ ದಿನ ಅದನ್ನೂ ಅದೇ ಪುಟದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ಈವರೆಗೆ 'ನಿಗೂಢ' ಅಂತ ಬಂದ ಎಷ್ಟೋ ಸುದ್ದಿಗೆ ಮರುದಿನದ ಸುದ್ದಿಯೇ ಬಂದಿಲ್ಲ, ಓದಿದವರ ತಲೆಯಲ್ಲಿ ಅವೆಲ್ಲ ಇನ್ನೂ ನಿಗೂಢವಾಗೇ ಉಳಿದಿವೆ.

ಕೊನೆಯದಾಗಿ ಒಂದು ಬೇಡಿಕೆ. ನಿಮ್ಮ ಪತ್ರಿಕೆಯಲ್ಲಿ ರಾಶಿಫಲಕ್ಕೆ ದಿನಾ ಜಾಗ ಇದೆ. ಅಲ್ಲಿ ಗುರು, ಶುಕ್ರ, ಶನಿ ಎಲ್ಲರೂ ದಿನಾ ಬರುತ್ತಾರೆ, ಆದರೆ ಆವತ್ತಿನ ರಾತ್ರಿ ಅವರು ಆಕಾಶದಲ್ಲಿ ಎಲ್ಲಿದ್ದಾರೆ ಅನ್ನೋದನ್ನು ಮಾತ್ರ ಯಾರೂ ಬರೆಯಲ್ಲ. ವಾರಕ್ಕೊಂದು ಸಲ ಅದನ್ನು ಹಾಕಿ. ಸಂಜೆ ಬೆಳ್ಳಿ ಕಾಣುತ್ತಾ, ಬಾಹ್ಯಾಕಾಶ ನಿಲ್ದಾಣ ಮೈಸೂರು ಮಂಡ್ಯದ ಮೇಲೆ ಎಷ್ಟು ಗಂಟೆಗೆ ಹಾದುಹೋಗುತ್ತೆ, ಡಿಸೆಂಬರ್ 13–14ರ ರಾತ್ರಿ ಜೆಮಿನಿಡ್ ಉಲ್ಕೆಗಳನ್ನು ನೋಡೋಕೆ ಯಾವ ಕಡೆ ಮುಖ ಮಾಡಿ ಮಲಗಬೇಕು, ಇಷ್ಟೇ. ಮೊದಲೇ ಗೊತ್ತಿದ್ದರೆ ಜನ ಮಕ್ಕಳನ್ನು ಕರೆದುಕೊಂಡು ತಾರಸಿ ಹತ್ತುತ್ತಾರೆ, ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಲ್ಲ. ಬರೆದುಕೊಡೋಕೆ ನಾನೂ ನಮ್ಮ ಮಕ್ಕಳೂ ತಯಾರು, ದುಡ್ಡು ಬೇಡ. ಕಾಲು ಕಾಲಂ ಸಾಕು. ರಾಶಿಫಲದ ಪಕ್ಕದಲ್ಲೇ ಕೊಟ್ಟರೂ ನಮ್ಮ ತಕರಾರಿಲ್ಲ.

ಇಂತಿ,
ಒಬ್ಬ ವಿಜ್ಞಾನ ಮೇಷ್ಟ್ರು
ಶ್ರೀರಂಗಪಟ್ಟಣ ತಾಲ್ಲೂಕು, ಮಂಡ್ಯ ಜಿಲ್ಲೆ